ಟೈರು ಎಳೆದ ಚಳಿಗಾಲ

ಬಸವಕಲ್ಯಾಣದ ಕಾಲೇಜಿಗೆ ಸೇರಿದಾಗ ಓಡುವುದೊಂದು ಬಿಟ್ಟರೆ ಹೇಳಿಕೊಳ್ಳುವಂಥದ್ದು ಬೇರೇನೂ ನನಗೆ ಬರುತ್ತಿರಲಿಲ್ಲ. ನಮ್ಮೂರು ಹುಮನಾಬಾದ್ ಹತ್ತಿರದ ಹುಡಗಿ ಎಂಬ ಹಳ್ಳಿ. ಅಪ್ಪ, ಅವ್ವ ಇಬ್ಬರೂ ಕೂಲಿಗೆ ಹೋಗುವವರು, ನಾನು ಹಾಸ್ಟೆಲಿನಲ್ಲಿದ್ದೆ. ಕಾಲೇಜಿನ ಪಿ.ಟಿ. ಮಾಸ್ತರರು ಒಮ್ಮೆ ನನ್ನನ್ನು ಓಡಿಸಿ ನೋಡಿ, ನಾಳೆಯಿಂದ ದಿನಾ ಮೈದಾನಕ್ಕೆ ಬಾ ಎಂದರು.

ಸುಳ್ಳು ಹೇಳಬಾರದು, ಮೊದಮೊದಲು ಚೆನ್ನಾಗಿಯೇ ಕಲಿಸಿದರು. ಓಡುವಾಗ ಕೈಗಳನ್ನು ಎದೆಯ ಮುಂದೆ ಅಡ್ಡಡ್ಡ ಬೀಸುವ ಚಟ ನನಗಿತ್ತು. ಅದನ್ನು ಬಿಡಿಸಿದರು. ಮಂಡಿ ಎತ್ತುವುದು, ಮುಂಗಾಲಿನಿಂದ ನೆಲ ಒದೆಯುವುದು ಹೇಳಿಕೊಟ್ಟರು. ಕೋಟೆ ಕಡೆಯ ಏರಿನಲ್ಲಿ ಓಡಿಸಿದರು. ಆಮೇಲೆ ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿಗೆ ಜೀಪಿನ ಹಳೇ ಟೈರು ಕಟ್ಟಿ ಎಳೆಸಿದರು. ಟೈರು ಬಿಚ್ಚಿ ಓಡಿದರೆ ಯಾರೋ ಹಿಂದಿನಿಂದ ತಳ್ಳಿದಂತಾಗುತ್ತಿತ್ತು. ಆ ಚಳಿಗಾಲ ಮುಗಿಯುವ ಮುಂಚೆಯೇ ನನ್ನನ್ನು ಹಿಂದೆ ಹಾಕುವವರು ಮೈದಾನದಲ್ಲಿ ಯಾರೂ ಉಳಿಯಲಿಲ್ಲ.

ಅಷ್ಟರಲ್ಲಿ ಹುಮನಾಬಾದಿನಲ್ಲಿ ಆಯ್ಕೆಯ ಓಟ ನಡೆಯುವುದೆಂದು ಗೊತ್ತಾಯಿತು. ಅಲ್ಲಿ ಗೆದ್ದರೆ ರಾಜ್ಯ ಮಟ್ಟಕ್ಕೆ. ಅವತ್ತಿನಿಂದ ಮಾಸ್ತರರ ತಲೆಯೊಳಗೆ ಏನೋ ಹೊಕ್ಕಿತು. ಬೆಳಿಗ್ಗೆ ಏರು, ಸಂಜೆ ಟೈರು. ಭಾನುವಾರವೂ ಬಿಡುವಿಲ್ಲ. ನನ್ನ ಬಲತೊಡೆಯ ಹಿಂದೆ ಸಣ್ಣಗೆ ಹಿಡಿಯತೊಡಗಿತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಗುತ್ತಿತ್ತು. ಹೆದರಿಕೊಂಡೇ ಅವರಿಗೆ ಹೇಳಿದೆ. ಅವರು ಉಳಿದ ಹುಡುಗಿಯರ ಎದುರಿಗೇ ನಕ್ಕರು.

"ಸೊಂಟ ನೋಯಾಕತ್ತದಂತ ನಿಮ್ಮವ್ವ ಕಬ್ಬು ಕಡಿಯೋದು ಬಿಡ್ತಾಳೇನು? ಟೈರ್ ಕಟ್ಟ್ಕೋ."

ಅವ್ವ ಬಿಡುತ್ತಿರಲಿಲ್ಲ, ಅದು ನಿಜ. ಹಳ್ಳಿಖೇಡದ ಸಕ್ಕರೆ ಕಾರ್ಖಾನೆ ಶುರುವಾಯಿತೆಂದರೆ ಜ್ವರ ಇದ್ದರೂ ಕುಡುಗೋಲು ಹಿಡಿದು ಹೊರಡುತ್ತಿದ್ದಳು. ಟೈರು ಕಟ್ಟಿಕೊಂಡೆ.

ಆಯ್ಕೆಯ ದಿನ ಅವ್ವ ಕೆಲಸ ಬಿಟ್ಟು ನೋಡಲು ಬಂದಿದ್ದಳು. ಇನ್ನೂರು ಮೀಟರ್ ಓಟ. ತಿರುವು ದಾಟಿದಾಗ ನಾನೇ ಮುಂದಿದ್ದೆ. ಅಲ್ಲಿಯೇ ತೊಡೆಯೊಳಗೆ ಹಗ್ಗ ಹರಿದಂತಾಗಿ ಮುಖ ಅಡಿಯಾಗಿ ಬಿದ್ದೆ. ಮಾಸ್ತರರು ಬಂದು ನೋಡಿದರು. ಮುಂದಿನ ಓಟಕ್ಕೆ ನಮ್ಮ ಇನ್ನೊಬ್ಬ ಹುಡುಗಿ ನಿಂತಿದ್ದಳು, ಅವಳ ಕಡೆ ಹೋದರು. ನನ್ನನ್ನು ಎತ್ತಿಕೊಂಡು ಹೋದವರು ಬೇರೆ ಕಾಲೇಜಿನವರು. ಅವ್ವ ಊರಿಗೆ ಕರೆದೊಯ್ದು ತನಗೆ ತಿಳಿದಂತೆ ಉಪ್ಪಿನ ಶಾಖ ಕೊಟ್ಟಳು, ಎಣ್ಣೆ ಹಚ್ಚಿ ತಿಕ್ಕಿದಳು. ಕಾಲು ಇನ್ನಷ್ಟು ಬಾತುಕೊಂಡಿತು. ಎಷ್ಟೋ ದಿನಕ್ಕೆ ನಡೆಯಲು ಬಂತು, ಆದರೆ ಆ ಓಟ ಮತ್ತೆ ಬರಲಿಲ್ಲ.

ಮುಂದೆ ನಾನೂ ಪಿ.ಟಿ. ಶಿಕ್ಷಕಿಯಾಗಲು ಓದಿದೆ. ಅಲ್ಲಿ ಒಂದು ಪಾಠದಲ್ಲಿ ಹೇಳಿದರು: ವೇಗ ಬೇಕಾದರೆ ಸ್ವಲ್ಪ ದೂರ ಪೂರ್ತಿ ಜೋರಾಗಿ ಓಡಬೇಕು, ಆಮೇಲೆ ಉಸಿರು ತಹಬಂದಿಗೆ ಬರುವವರೆಗೆ ನಿಲ್ಲಬೇಕು, ದಣಿದ ಸ್ನಾಯು ಬಲಿಯುವುದು ಬಿಡುವಿನಲ್ಲಿ. ಎಷ್ಟು ಸಾದಾ ಮಾತು. ಖರ್ಚಿಲ್ಲದೆ ಕೊಡಬಹುದಾದದ್ದು ಬಿಡುವೊಂದೇ ಆಗಿತ್ತು, ಅದನ್ನೇ ಮಾಸ್ತರರು ಕೊಡಲಿಲ್ಲ.

ಈಗ ಹುಮನಾಬಾದಿನ ಶಾಲೆಯೊಂದರಲ್ಲಿದ್ದೇನೆ. ಕಾಲು ಹಿಡಿದಿದೆ ಎಂದ ಮಗುವನ್ನು ನಾನು ನೆರಳಿಗೆ ಕೂರಿಸುತ್ತೇನೆ. ಬಹುಮಾನ ಕಮ್ಮಿ ಬರುತ್ತವೆಂದು ಮುಖ್ಯ ಗುರುಗಳು ಗೊಣಗುತ್ತಾರೆ.

ಹೋದ ವರ್ಷ ನಮ್ಮ ಕ್ರೀಡಾಕೂಟಕ್ಕೆ ಮುಖ್ಯ ಗುರುಗಳು ನನ್ನ ಆ ಹಳೇ ಮಾಸ್ತರರನ್ನೇ ಅತಿಥಿಯಾಗಿ ಕರೆಸಿದ್ದರು. ನಿವೃತ್ತರಾಗಿದ್ದರು, ಕೂದಲು ಬೆಳ್ಳಗಾಗಿತ್ತು. ಶಾಲು ಹೊದ್ದುಕೊಂಡು ಮೈಕಿನಲ್ಲಿ, ಈಕಿ ನನ್ನ ಶಿಷ್ಯೆ, ನಸೀಬು ಸರಿಯಿದ್ದರೆ ದೊಡ್ಡ ಓಟಗಾರ್ತಿ ಆಗುತ್ತಿದ್ದಳು ಎಂದರು. ಮಂದಿ ಚಪ್ಪಾಳೆ ತಟ್ಟಿದರು.

ಚಹಾ ಕುಡಿಯುವಾಗ ಹತ್ತಿರ ಹೋದೆ.

"ನಸೀಬಲ್ರಿ ಸರ್. ಆವಾಗ ಎಂಟು ದಿನ ಬಿಡುವು ಕೊಟ್ಟಿದ್ರ ಸಾಕಿತ್ರಿ."

"ಆವಾಗ ಇದೆಲ್ಲ ಯಾರಿಗಿ ಗೊತ್ತಿತ್ತವ್ವ?"

"ನನಗ ಗೊತ್ತಿತ್ರಿ. ನೋಯಾಕತ್ತದಂತ ನಾ ಹೇಳಿದ್ನಲ್ರಿ."

ಯಾವಾಗ ಹೇಳಿದ್ದೆ ಎಂದು ಅವರು ಕೇಳಿದರು. ನಿಜಕ್ಕೂ ನೆನಪಿರಲಿಲ್ಲವೆಂದು ಕಾಣುತ್ತದೆ. ನೆನಪಿದ್ದೂ ಸುಳ್ಳು ಹೇಳಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು, ಇಲ್ಲಿವರೆಗೆ ಬಂದಿದ್ದೇನೆ, ಹಾಗೇ ಮಾಣಿಕನಗರದ ಗುಡಿಯಲ್ಲಿ ದರ್ಶನ ಮುಗಿಸಿಕೊಂಡು ಹೋಗುತ್ತೇನೆ, ಆಟೋ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಗೇಟಿನವರೆಗೆ ಹೋಗಿ ನಾನೇ ಆಟೋ ನಿಲ್ಲಿಸಿಕೊಟ್ಟೆ.