ಎತ್ತಿನ ಪಾಲಿನ ಹುರುಳಿ

ಅತ್ತೆಗೆ ಜ್ವರ ಬಿಟ್ಟಿತ್ತು, ಊಟ ಮಾತ್ರ ಸೇರುತ್ತಿರಲಿಲ್ಲ. ಹೀಗೇ ಆದರೆ ರಾಮನಗರದ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಬೇಕು ಎಂದಿದ್ದರು ಡಾಕ್ಟರು. ಗಂಜಿ ಬೇಡ, ಇಡ್ಲಿ ಬೇಡ. ಕೇಳಿ ಕೇಳಿ ನನಗೆ ಸಾಕಾದ ಮೇಲೆ ಬಾಯಿಬಿಟ್ಟರು. "ಒಸಿ ಹುಳ್ಳಿಕಟ್ಟಿನ ಸಾರು ಮಾಡವ್ವಾ."

ಹುರುಳಿ ಬೇಯಿಸಿ ಬಸಿದ ನೀರೇ ಕಟ್ಟು. ಕುಕ್ಕರಿನಲ್ಲಿ ಬೇಯಿಸಿ ಸಾರು ಮಾಡಿಕೊಟ್ಟೆ. ಮೂಸಿ ನೋಡಿ ಪಕ್ಕಕ್ಕಿಟ್ಟರು. "ಎತ್ತಿಗೆ ಬೇಯ್ಸಿದಂಗೆ ಬೇಯ್ಸು."

ಮಾಗಡಿಯ ಬಾಡಿಗೆ ಮನೆಯಲ್ಲಿ, ಎತ್ತಿಗೆ ಬೇಯಿಸಿದಂತೆ! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನನ್ನ ಕಾಲ ಯಾವಾಗ ಬಂದು ಯಾವಾಗ ಹೋಯಿತೋ ನನಗಂತೂ ಗೊತ್ತಾಗಲಿಲ್ಲ. ಪಾಠ ಹೇಳುವ ಶಾಲೆಗೆ ರಜೆ ಹಾಕಿ, ಹಿತ್ತಲಲ್ಲಿ ಕಲ್ಲು ಹೂಡಿ, ಸ್ನಾನದ ನೀರು ಕಾಯಿಸುವಷ್ಟು ದೊಡ್ಡ ಪಾತ್ರೆ ಇಟ್ಟೆ. ಹಸಿ ಸೌದೆ ಹೊಗೆ ಬಿಟ್ಟಿತೇ ಹೊರತು ಉರಿಯಲಿಲ್ಲ.

ಹಿತ್ತಲ ಬಾಗಿಲ ಬಳಿ ಮಲಗಿದ್ದ ಅತ್ತೆ ಅಲ್ಲಿಂದಲೇ ಕಥೆ ಹೇಳಿದರು. ಅವರು ಕುದೂರಿನ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಒಂದು ವರ್ಷ ರಾಗಿ ಕೈಕೊಟ್ಟಿತ್ತಂತೆ. ಮನೆಯಲ್ಲಿ ಉಳಿದದ್ದು ಹುರುಳಿಯೇ. "ಎತ್ತು ಬಿದ್ರೆ ಮುಂದಿನ್ ವರ್ಸ ಉಳೋರ್ಯಾರು?" ಎಂದು ಅವರ ಅತ್ತೆ ಕಾಳನ್ನೆಲ್ಲ ಎತ್ತಿಗೆ ಹಾಕಿ, ಬಸಿದ ಕಟ್ಟಿಗೆ ಹುಣಸೆಹುಳಿ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಅರೆದು ಕುದಿಸಿ ಮನೆಯವರಿಗೆ ಬಡಿಸಿದರಂತೆ. ಆಮೇಲೆ ಮಳೆ ಬಂತು, ಬೆಳೆ ಬಂತು. ಎತ್ತು ತಿಂದ ಮೇಲೆಯೇ ಸಾರು ಮುಟ್ಟುವ ಪದ್ಧತಿ ಮಾತ್ರ ಆ ಮನೆಯಲ್ಲಿ ಹಾಗೇ ಉಳಿಯಿತು.

ಅಂತೂ ಒಲೆ ಹೊತ್ತಿ ಸಾರು ಆಯಿತು. ಬಟ್ಟಲಲ್ಲಿ ಹಾಕಿ ಕೈಗೆ ಕೊಟ್ಟೆ.

"ಎತ್ತು ತಿಂದ್ವಾ?"

ನನ್ನ ತಲೆ ಕೆಟ್ಟುಹೋಯಿತು. "ಎಲ್ಲಿಂದ ತರಲಿ ಅತ್ತೆ ಎತ್ತು? ನಿಮ್ಮ ಮಗ ಮಾರಿ ಎಷ್ಟು ಕಾಲ ಆಯ್ತು! ಊರಲ್ಲಿ ಹೊಲ ಉಳೋದು ಈಗ ಟ್ರ್ಯಾಕ್ಟರು. ಅದು ಹುರುಳಿ ತಿನ್ನುತ್ತಾ? ಬೆಳಗಿಂದ ಒಲೆ ಮುಂದೆ ಸಾಯ್ತಿರೋಳು ನಾನು. ಕುಡೀರಿ ಸುಮ್ಮನೆ!"

ಅವರು ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದರು. ಹೊಗೆಗೆ ನನ್ನ ಕಣ್ಣು ಉರಿಯುತ್ತಿತ್ತು, ಸೆರಗಿನ ತುಂಬ ಮಸಿ.

"ಹಂಗಾರೆ ಕಾಳು ನೀನ್ ತಿನ್ನು. ಈ ಮನೇಲಿ ದುಡಿಯೋಳು ನೀನು ತಾನೆ. ನೀನ್ ತಿಂದ ಮ್ಯಾಕೆ ನಾನ್ ಕುಡೀತೀನಿ."

ಸಿಟ್ಟು ಇಳಿಯಲಿಲ್ಲ, ಅದರ ಜೊತೆಗೇ ಅಳುವೂ ಬಂತು. ಬೆಳಗಿನಿಂದ ನಾನೂ ಏನೂ ತಿಂದಿರಲಿಲ್ಲ. ಅದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ತಟ್ಟೆಗೆ ಕಾಳು ಹಾಕಿಕೊಂಡು ಅವರ ಪಕ್ಕದಲ್ಲೇ ಕೂತೆ. ಅದಕ್ಕೆ ಉಪ್ಪೂ ಇರಲಿಲ್ಲ. ನನ್ನ ತಟ್ಟೆ ಖಾಲಿಯಾಗುವವರೆಗೂ ಅತ್ತೆ ಬಟ್ಟಲು ಮುಟ್ಟಲಿಲ್ಲ.