ಪೂಜೆಗಿಟ್ಟ ಡಿಸ್ಕು

ಆಯುಧಪೂಜೆಯ ಮಾರನೆಯ ದಿನ ಮಧ್ಯಾಹ್ನ ಬಾಬುರಾಯನಕೊಪ್ಪಲಿನ ನಮ್ಮ ಮರಗೆಲಸದ ಶೆಡ್ಡಿನಲ್ಲಿ ಕಂಪ್ಯೂಟರ್ ಆನ್ ಮಾಡಿದೆ. ಕೆತ್ತನೆ ಮಷೀನಿಗೆ ನಕ್ಷೆ ಕೊಡುವ ನಮ್ಮ ಸಾಫ್ಟ್‌ವೇರು ಬಹಳ ಹಳೆಯದು, ಹೊಸ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ. ಅದಕ್ಕಾಗಿ ಹೊಸದರೊಳಗೇ ಒಂದು ಹಳೆಯ ಕಂಪ್ಯೂಟರನ್ನು ಕೂರಿಸಿದ್ದೆ. ವರ್ಚುವಲ್ ಮಷೀನ್ ಅನ್ನುತ್ತಾರೆ. ಅದಕ್ಕೆ ಮೈಯಿಲ್ಲ, ಅದರ ಸರಂಜಾಮೆಲ್ಲ ಎರಡು ದೊಡ್ಡ ಫೈಲುಗಳಲ್ಲಿರುತ್ತದೆ. ಅವತ್ತು ಶುರು ಮಾಡಲು ಹೋದರೆ, ಡಿಸ್ಕಿನ ಫೈಲು ಸಿಗುತ್ತಿಲ್ಲ ಎಂದು ಬಂತು.

ಗಂಜಾಂನ ಮನೆಯೊಂದರ ಹೆಬ್ಬಾಗಿಲಿಗೆ ಅಪ್ಪ ಬರೆದ ಜೋಡಿ ಹಂಸದ ನಕ್ಷೆ ಅದರಲ್ಲಿತ್ತು. ಅರವತ್ತು ದಾಟಿದ ಮೇಲೆ ಮೌಸು ಹಿಡಿಯಲು ಕಲಿತವರು ಅವರು. ಕಾಗದ ಮುಟ್ಟದೆ ನೇರ ಪರದೆಯ ಮೇಲೇ ಬರೆದಿದ್ದರು. ಅದು ಮುಗಿದ ತಿಂಗಳಲ್ಲೇ ಅವರ ಬಲಗೈ ನಡುಗಲು ಶುರುವಾಯಿತು. ಆಮೇಲೆ ಒಂದು ಗೆರೆಯನ್ನೂ ಎಳೆದಿಲ್ಲ. ಆ ಫೈಲು ಹೋದರೆ ಅವರ ಕೈಯ ಕೊನೆಯ ಕೆಲಸ ಹೋದ ಹಾಗೆ. ನಕಲು ತೆಗೆದಿಟ್ಟಿರಲಿಲ್ಲ, ನನ್ನದೇ ಸೋಮಾರಿತನ.

ನನಗೆ ಕೋಪ ಮೂಗಿನ ತುದಿಯಲ್ಲೇ. ಹಬ್ಬಕ್ಕೆಂದು ಶೆಡ್ಡು ತೊಳೆದಿದ್ದ ಗಂಡನ ಮೇಲೆ ಹರಿಹಾಯ್ದೆ.

"ಏನ್ ಅಳಿಸಾಕಿದ್ರಿ, ಯೋಳಿ."

"ನಾ ಕಂಪ್ಯೂಟ್ರು ಮುಟ್ಟೇ ಇಲ್ಲ ಕಣೆ. ನೀರು ಸೋಕ್ದಂಗೆ ಪ್ಲಾಸ್ಟಿಕ್ ಒದಿಸ್ದೆ, ಅಷ್ಟೆಯ."

ಬೈದು ಮುಗಿದ ಮೇಲೆ ಬಗ್ಗಿ ನೋಡಿದೆ. ಆ ಫೈಲುಗಳಿದ್ದ ಅಂಗೈಯಗಲದ ಹಾರ್ಡ್ ಡಿಸ್ಕೇ ಅಲ್ಲಿರಲಿಲ್ಲ, ವೈರು ಮಾತ್ರ ನೇತಾಡುತ್ತಿತ್ತು.

"ಅದು ಪೂಜೆ ತಾವ ಅದೆ, ನಾನೇ ಇಟ್ಟಿದ್ದೆ," ಎಂದರು ಬಾಗಿಲ ಬಳಿ ಕೂತಿದ್ದ ಅಪ್ಪ.

ನಮ್ಮ ಮನೆಯಲ್ಲಿ ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನ ಅವರವರೇ ಕೈಮುಗಿದು ಎತ್ತಿಕೊಳ್ಳಬೇಕು. ಒಬ್ಬರದನ್ನು ಇನ್ನೊಬ್ಬರು ಎತ್ತುವಂತಿಲ್ಲ. ಬೆಳಿಗ್ಗೆ ಗಂಡ ತಮ್ಮ ಬಾಚಿಯನ್ನು ಎತ್ತಿಕೊಂಡಿದ್ದರು, ಅಪ್ಪ ಉಳಿಗಳನ್ನು. ಅಲ್ಲಿ ನನ್ನದೇನಿದೆ ಎಂದು ನಾನು ಆ ಕಡೆ ಹೋಗಿರಲೇ ಇಲ್ಲ. ಈಗ ಹೋಗಿ ನೋಡಿದರೆ ಡಿಸ್ಕು ಕುಂಕುಮ ಇಟ್ಟುಕೊಂಡು, ತಲೆಗೊಂದು ಸೇವಂತಿಗೆ ಮುಡಿದು ಒಂಟಿಯಾಗಿ ಕೂತಿತ್ತು.

"ಮೊದ್ಲೇ ಯೋಳಕ್ಕೇನಾಗಿತ್ತಪ್ಪ?"

"ನಿನ್ ಆಯುಧವ ನೀನೇ ಎತ್ಕಬೇಕು ಕಣವ್ವ. ಬತ್ತೀಯ ಅಂತ ಕಾಯ್ತಿದ್ದೆ."

ಇಷ್ಟು ವರ್ಷದಲ್ಲಿ ಅವರು ನನ್ನನ್ನೂ ಕಸುಬಿನವಳೆಂದು ಎಣಿಸಿದ್ದು ಅದೇ ಮೊದಲು. ಕೈಮುಗಿದು ಎತ್ತಿಕೊಂಡೆ.

ತಂದು ವೈರಿಗೆ ಚುಚ್ಚಿದೆ. ಮತ್ತೆ ಅದೇ ತಕರಾರು, ಫೈಲು ಸಿಗುತ್ತಿಲ್ಲ. ಡಿಸ್ಕು ತೆರೆದು ನೋಡಿದರೆ ಎರಡೂ ಫೈಲುಗಳು ಕಣ್ಣೆದುರೇ ಇವೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಒಂದು ಲೋಟ ಟೀ ಕುಡಿದ ಮೇಲೆ ಹೊಳೆಯಿತು. ಕಂಪ್ಯೂಟರ್ ಒಂದೊಂದು ಡಿಸ್ಕಿಗೂ ಒಂದೊಂದು ಅಕ್ಷರ ಕೊಟ್ಟು ಗುರುತಿಟ್ಟುಕೊಳ್ಳುತ್ತದೆ. ಕಂಪ್ಯೂಟರ್ ಮುಟ್ಟೇ ಇಲ್ಲ ಎಂದಿದ್ದ ನಮ್ಮೆಜಮಾನರು ಪೂಜೆಯ ಹಾಡಿಗೆಂದು ಚುಚ್ಚಿದ್ದ ಪೆನ್‌ಡ್ರೈವು ಅಲ್ಲೇ ಇತ್ತು, ನಮ್ಮ ಡಿಸ್ಕಿನ ಅಕ್ಷರವನ್ನು ಹೊಡೆದುಕೊಂಡಿತ್ತು. ಡಿಸ್ಕಿಗೆ ಬೇರೆ ಅಕ್ಷರ ಬಿದ್ದಿತ್ತು, ವರ್ಚುವಲ್ ಮಷೀನು ಮಾತ್ರ ಹಳೆಯ ವಿಳಾಸದಲ್ಲೇ ತಡಕಾಡುತ್ತಿತ್ತು. ಪೆನ್‌ಡ್ರೈವು ಕಿತ್ತು, ಡಿಸ್ಕಿಗೆ ಅದರ ಅಕ್ಷರವನ್ನು ವಾಪಸು ಕೊಟ್ಟು ಮತ್ತೆ ಒತ್ತಿದೆ. ಹಂಸಗಳು ಬಂದವು. ಮೊದಲು ನಕಲು ತೆಗೆದುಕೊಂಡೆ, ಆಮೇಲೆ ಅಪ್ಪನನ್ನು ಕರೆದೆ.

ಅವರು ನನ್ನ ಬೆನ್ನ ಹಿಂದೆ ನಿಂತು ಬಹಳ ಹೊತ್ತು ನೋಡಿದರು.

"ಬಲಗಡೆದರ ಕತ್ತು ಸರಿಯಿಲ್ಲ ಕಣವ್ವ. ಮೌಸು ಇಡ್ಕೊ. ನಾ ಯೋಳ್ದಂಗೆ ಎಳಿ."

"ನಂಗ್ ಬರಲ್ಲಪ್ಪ."

"ಬತ್ತದೆ. ನಂಗೇನ್ ಉಟ್ತಾನೇ ಬಂದಿತ್ತಾ?"

ಎಳೆದೆ. ಬೇಡ ಅಂದರು, ಅಳಿಸಿದೆ. ಹೀಗೇ ಏಳು ಸಲ. ಎಂಟನೆಯ ಸಲ ಅವರು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತು, "ಈಗ ರೆಕ್ಕೆ," ಎಂದರು.