ಕತ್ತಿಗೆ ಹಚ್ಚಿದ ಕೊಬ್ಬರಿ ಎಣ್ಣೆ

ಪುಟ್ಟಿ, ಚಿನ್ನು, ಇದನ್ನು ಇಬ್ಬರೂ ಒಟ್ಟಿಗೆ ಕೂತು ಓದಿ. ಬಾಯಿಬಿಟ್ಟು ಹೇಳಲು ಈ ನಿಮ್ಮ ಅಜ್ಜಿಯಿಂದ ಆಗಲಿಲ್ಲ.

ಚಿನ್ನು, ಚಿತ್ರದುರ್ಗದ ಫೆನ್ಸಿಂಗ್ ಪಂದ್ಯದಲ್ಲಿ ಪುಟ್ಟಿ ಅಕ್ಕ ತನ್ನ ಉದಾಸೀನದಿಂದ ಸೋತಳೆಂದು ನೀನು ಈಗಲೂ ಆಡಿಕೊಳ್ಳುತ್ತೀಯ. ಆ ದಿನ ನೀನು ಬಂದಿರಲಿಲ್ಲ. ನಾನು ಹೋಗಿದ್ದೆ.

ಮಾಗಿಯ ಚಳಿ. ಹೊಸದುರ್ಗದಿಂದ ಮೊದಲ ಬಸ್ಸು ಹಿಡಿದಿದ್ದೆವು. ಆಟದ ರೀತಿ ನನಗೆ ತಿಳಿದದ್ದೇ ಅಲ್ಲಿ. ಉದ್ದನೆಯ ಪಟ್ಟಿಯ ಮೇಲೆ ಎದುರುಬದುರು ಇಬ್ಬರು, ಬೆನ್ನಿಗೆ ವೈರು. ಕತ್ತಿಯ ಮೊನೆ ಎದುರಾಳಿಗೆ ಒತ್ತಿದರೆ ದೀಪ ಹತ್ತುತ್ತದೆ. ಮೊದಲು ಐದು ಅಂಕ ಮಾಡಿದವರು ಗೆದ್ದಂತೆ. ಪ್ರತಿ ಆಟಕ್ಕೂ ಮೊದಲು ರೆಫ್ರಿ ಮೊನೆಯ ಮೇಲೆ ತೂಕದ ಬೊಟ್ಟು ಇಟ್ಟು, ಒಳಗಿನ ಸ್ಪ್ರಿಂಗ್ ಅದನ್ನು ಎತ್ತುತ್ತದೋ ಇಲ್ಲವೋ ನೋಡುತ್ತಾರೆ.

ಗುಂಪಿನ ಕೊನೆಯ ಆಟ ಗೆದ್ದರೆ ಅಕ್ಕನಿಗೆ ಮುಂದಿನ ಸುತ್ತು, ಸೋತರೆ ಮನೆ. ಎರಡೂ ಕತ್ತಿಗಳನ್ನು ನನ್ನ ಪಕ್ಕ ಇಟ್ಟು ನೀರು ಕುಡಿಯಲು ಹೋದಳು. ನನಗೋ ಸುಮ್ಮನೆ ಕೂರಲಾಗದು. ತೋಟದ ಮಚ್ಚಿಗೆ ಕೆಲಸ ಮುಗಿದ ಕೂಡಲೇ ಎಣ್ಣೆ ಸವರಿಡುವುದು ನಿಮ್ಮ ತಾತ ಕಲಿಸಿದ ಅಭ್ಯಾಸ. ಬೆವರಿಗೆ ತುಕ್ಕು ಹಿಡಿದೀತೆಂದು, ಅವಳ ಜಡೆಗೆ ತಂದಿದ್ದ ಕೊಬ್ಬರಿ ಎಣ್ಣೆಯನ್ನು, ಹೆಪ್ಪುಗಟ್ಟಿದ್ದನ್ನೇ ಬೆರಳಲ್ಲಿ ತೆಗೆದು, ಎರಡಕ್ಕೂ ಮೊನೆಯವರೆಗೆ ತಿಕ್ಕಿದೆ.

ರೆಫ್ರಿ ತೂಕ ಇಟ್ಟರು. ಗಟ್ಟಿ ಎಣ್ಣೆ ಒಳಗೆ ಸಿಕ್ಕಿ, ಕುಸಿದ ಮೊನೆ ಮೇಲೇಳಲಿಲ್ಲ. ಹಳದಿ ಕಾರ್ಡ್, ಅಂದರೆ ಎಚ್ಚರಿಕೆ. ಎರಡನೆಯ ಕತ್ತಿಯೂ ಹಾಗೇ. ಕೆಂಪು ಕಾರ್ಡ್. ಆಟ ಶುರುವಾಗುವ ಮೊದಲೇ ಎದುರಿನ ಹುಡುಗಿಗೆ ಒಂದು ಅಂಕ.

ಕೋಚು ಕತ್ತಿಯನ್ನು ಮೂಸಿದರು. "ಲೇ, ಕತ್ತಿಗೂ ಜಡೆ ಹಾಕ್ತೀಯೇನೇ? ಯಾರ್ ಹಚ್ಚಿದ್ದು ಇದನ್ನ?"

ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು. "ನಾನೇ ಸರ್. ಗೊತ್ತಾಗ್ಲಿಲ್ಲ."

"ಇಷ್ಟ್ ದಿನ ಏನ್ ಕಲ್ತೆ ನೀನು? ಹೋಗು, ಯಾರದಾದ್ರೂ ಇಸ್ಕಂಡ್ ಬಾ."

ನಾನು ಎದ್ದೆ, ಕೂತೆ, ಮತ್ತೆ ಎದ್ದೆ. ಅಷ್ಟು ಜನ ಗಂಡಸರ ನಡುವೆ ನಾಲಿಗೆ ಹೊರಳಲಿಲ್ಲ. ಅವಳು ಎರವಲು ಕತ್ತಿಯಲ್ಲಿ ಆಡಿ ನಾಲ್ಕು ಅಂಕ ಮಾಡಿದಳು, ಆ ಹುಡುಗಿ ಐದು. ಮುಖಗವಸು ತೆಗೆದು, ಕತ್ತಿ ಎತ್ತಿ ವಂದಿಸಿ, ಗೆದ್ದವಳ ಕೈ ಕುಲುಕಿ, ಅಂಕದ ಹಾಳೆಗೆ ಸಹಿ ಹಾಕಿ ಬಂದಳು.

ವಾಪಸ್ ಬರುವಾಗ ಬಸ್ಸು ಹೊಳಲ್ಕೆರೆ ದಾಟಿತು. ಆಮೇಲೆ ಕೇಳಿದೆ, "ಯಾಕವ್ವಾ ನಿನ್ ಮ್ಯಾಲೆ ಹಾಕ್ಕಂಡೆ?"

"ನಿನ್ನ ಬೈದಿದ್ರೆ ನೀನು ಇನ್ನೊಂದ್ ಸಲ ಬರ್ತಿದ್ದೇನಜ್ಜಿ? ಬಿಡು."

ನನಗೆ ಬಿಡಲಾಗುತ್ತಿಲ್ಲ. ತಂಡ ಆರಿಸುವಾಗಲೆಲ್ಲ ಕೋಚು ಆ ಎಣ್ಣೆಯ ಮಾತು ಎತ್ತುತ್ತಾರಂತೆ. ಹಚ್ಚಿದವಳು ನಾನು. ಚಿನ್ನು, ಈ ಹಾಳೆಗಳನ್ನು ನೀನೇ ಒಯ್ದು ಅವರಿಗೆ ಓದಿಸು. ಅಲ್ಲೇ ಬಿಟ್ಟು ಬರಬೇಡ, ವಾಪಸ್ ತಂದು ಅಕ್ಕನ ಕಿಟ್ ಬ್ಯಾಗಿನಲ್ಲಿ ಜೋಪಾನವಾಗಿಡು. ಮುಂದೆ ಯಾರು ಕೇಳಿದರೂ ತೋರಿಸಲು ಇರಲಿ.